ಆಪತ್ತಿನ ಗಂಟು

2020ರ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಮುಚ್ಚಿದಾಗ ನಮ್ಮ ಯಜಮಾನರು ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕರಾಗಿದ್ದರು. ಮುಂದೆ ಐದು ತಿಂಗಳು ಸಂಬಳವೇ ಬರಲಿಲ್ಲ. ನಾವು ಉಳಿತಾಯ ಮಾಡದವರೇನಲ್ಲ, ನಿವೇಶನವಿತ್ತು, ಜೀವವಿಮೆಯಿತ್ತು. ಆದರೆ ನಿವೇಶನವನ್ನು ಕೊಳ್ಳುವವರಿರಲಿಲ್ಲ. ವಿಮೆಗೋ ನಾವೇ ಕಂತು ಕಟ್ಟಬೇಕಿತ್ತು! ಕೊನೆಗೆ ತವರಿನವರು ಮಾಡಿಸಿಕೊಟ್ಟ ಪಾಟಲಿಗಳನ್ನು ಒತ್ತೆಯಿಟ್ಟೆವು. ಅಂದು ಬರಿಗೈಯಲ್ಲಿ ನೆರೆಯವರೆದುರು ನಡೆದುಬಂದುದನ್ನು ನಾನು ಮರೆತಿಲ್ಲ. ಅವನ್ನು ಬಿಡಿಸಿಕೊಳ್ಳಲು ಒಂದೂವರೆ ವರ್ಷ ಬೇಕಾಯಿತು.

ಆಮೇಲೆ ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಬಾಡಿಗೆ, ಜೋಳ, ಅಕ್ಕಿ, ಹಾಲು, ಅತ್ತೆಯವರ ಔಷಧ ಮೊದಲಾದ ಬಿಡಲಾಗದ ಖರ್ಚು ತಿಂಗಳಿಗೆ 12,000 ರೂಪಾಯಿ. ಆರು ತಿಂಗಳಿಗೆ 72,000. ಸಂಬಳದ ದಿನವೇ 2,000ವನ್ನು ಅಂಚೆ ಕಚೇರಿಯ ಉಳಿತಾಯ ಖಾತೆಗೆ ಕಟ್ಟತೊಡಗಿದೆ. ಬಡ್ಡಿ ಶೇಕಡಾ 4 ಮಾತ್ರ, ನಿಜ. ಆದರೆ ಬೇಕೆಂದ ದಿನ ಕೈಗೆ ಬರುವ ಹಣವದು. ಗಂಟು ತುಂಬಲು ಮೂರು ವರ್ಷ ಹಿಡಿಯಿತು.

ಅಷ್ಟರಲ್ಲಿ ಮೈದುನನು ಮದುವೆಯ ಖರ್ಚಿಗೆಂದು ಆ ಹಣವನ್ನು ಕೇಳಿದನು. ಕೊಡಲಿಲ್ಲ. ಅತ್ತೆಯವರು ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟರು. ಮೊನ್ನೆ ಅವರೇ ತಮ್ಮ ಪಿಂಚಣಿಯಿಂದ ನೂರು ರೂಪಾಯಿ ತಂದು, “ಇದನ್ನೂ ಅದರಾಗ ಹಾಕವ್ವ” ಎಂದರು.