ಎರಡನೇ ಭಾಗದಲ್ಲಿ ಗಣಿ ಎಲ್ಲಿದೆ?

ಮೈಗಂಟಿದ ಉಡುಪು, ಬೆನ್ನ ಮೇಲೆ ಹಾರಾಡುವ ಬಟ್ಟೆ ಇದ್ದರೆ ಮಾತ್ರ ಸೂಪರ್ ಹೀರೋ ಎಂಬುದನ್ನು ನಮ್ಮ ಶಾಲೆಯ ಹುಡುಗರು ಒಪ್ಪುವುದಿಲ್ಲ. ಅವರ ಪಾಲಿಗೆ ಕನ್ನಡದ ಸೂಪರ್ ಹೀರೋ ಎಂದರೆ 'ಕೆಜಿಎಫ್'ನ ರಾಕಿ. ಗುಂಡು ತಗುಲಿದರೂ ಮತ್ತೆ ಎದ್ದು ಬರುತ್ತಾನೆ, ಒಬ್ಬನೇ ಒಂದು ಪಡೆಯನ್ನು ಮಲಗಿಸುತ್ತಾನೆ, ಇನ್ನೇನು ಬೇಕು? ಅಷ್ಟರ ಮಟ್ಟಿಗೆ ನಾನೂ ಒಪ್ಪಿದೆ. ನನ್ನ ತಕರಾರು ಅವರ ಮುಂದಿನ ಮಾತಿಗೆ: "ಮೊದಲ್ನೇದು ಬರೀ ಟ್ರೇಲರ್ ರೀ ಸರ್, ಖರೇ ಸಿನಿಮಾ ಎರಡನೇದು."

ಮೊದಲ ಭಾಗ ತೆರೆಗೆ ಬಂದದ್ದು 2018ರ ಡಿಸೆಂಬರ್ 21ರಂದು. ಎರಡನೆಯದು 2022ರ ಏಪ್ರಿಲ್ 14ರಂದು, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೂರೇ ದಿನಕ್ಕೆ. ಇದಕ್ಕಿಂತ ಒಳ್ಳೆಯ ಮುಹೂರ್ತ ಆ ವರ್ಷದ ಹುಡುಗರಿಗೆ ಯಾವುದಿದ್ದೀತು! ಸಿಂಧನೂರಿನ ಕ್ಯಾಂಪುಗಳ ಹುಡುಗರು ತೆಲುಗಿನಲ್ಲಿ ನೋಡಿದರು, ಮಸ್ಕಿ, ಲಿಂಗಸುಗೂರಿನವರು ಕನ್ನಡದಲ್ಲಿ ನೋಡಿದರು. ತೀರ್ಪು ಮಾತ್ರ ಎರಡೂ ಕಡೆ ಒಂದೇ.

ನಾನು ಎರಡನ್ನೂ ನೋಡಿದ್ದೇನೆ, ಒಂದಕ್ಕಿಂತ ಹೆಚ್ಚು ಸಲವೇ. ಮೊದಲನೆಯದರಲ್ಲಿ ರಾಕಿ ನರಾಚಿ ಗಣಿಗೆ ಬರುವುದು ಗರುಡನನ್ನು ಕೊಲ್ಲುವುದಕ್ಕೆ, ಅಲ್ಲಿನ ಜೀತದಾಳುಗಳನ್ನು ಉದ್ಧಾರ ಮಾಡುವುದಕ್ಕಲ್ಲ. ಅವರ ಗೋಳನ್ನು ಕಂಡೂ ಕಾಣದವನಂತೆ ಕಲ್ಲು ಹೊರುತ್ತಾನೆ. ಕಣ್ಣಿಲ್ಲದ ಮುದುಕನೊಬ್ಬನ ಪ್ರಾಣ ಹೋಗುವ ಹೊತ್ತಿಗೆ ಅವನ ಕೈ ಏಳುತ್ತದೆ. ಅಷ್ಟು ಹೊತ್ತು ನಾವೂ ಆ ಧೂಳು ಕುಡಿಯುತ್ತ, ಆ ಹೆದರಿಕೆ ನುಂಗುತ್ತ ಕೂತಿರುತ್ತೇವಲ್ಲ, ಅದಕ್ಕೇ ಆ ಏಟಿಗೆ ಅಷ್ಟು ತೂಕ.

ಎರಡನೆಯದರಲ್ಲಿ ಕಾಯುವ ಪುರಸೊತ್ತೇ ಇಲ್ಲ. ಎಲ್ಲವೂ ದೊಡ್ಡದು: ಬಂದೂಕು ದೊಡ್ಡದು, ಶತ್ರು ದೊಡ್ಡವನು, ಸದ್ದಂತೂ ಹೇಳುವುದೇ ಬೇಡ. ಬಂದೂಕಿನ ನಳಿಗೆ ಕೆಂಪಗೆ ಕಾದು, ಅದರಲ್ಲಿ ರಾಕಿ ಸಿಗರೇಟು ಹಚ್ಚುವ ದೃಶ್ಯ ಬಂತೆಂದರೆ ಶಿಳ್ಳೆಯೋ ಶಿಳ್ಳೆ. (ಸಿಗರೇಟಿನ ಮಾತು ಬಿಡಿ, ನಳಿಗೆ ಕೆಂಪಾಗುವುದು ಸುಳ್ಳಲ್ಲ. ಸುಮಾರು 525 ಡಿಗ್ರಿ ಸೆಲ್ಸಿಯಸ್ ದಾಟಿದ ಉಕ್ಕು ಕತ್ತಲಲ್ಲಿ ಮಂದವಾಗಿ ಕೆಂಪು ಕಾಣತೊಡಗುತ್ತದೆ.) ರವೀನಾ ಟಂಡನ್ ಅವರ ಪ್ರಧಾನಿ ರಮಿಕಾ ಸೇನ್ ಪಾತ್ರ ನನಗೂ ಮೆಚ್ಚುಗೆಯಾಯಿತು. ರಾಕಿಗೆ ಸರಿಸಮ ನಿಂತು ಮಾತಾಡುವವರು ಆಕೆ. ಆದರೆ ಗಣಿಯ ಜನ ಈಗ ಜಯಕಾರ ಹಾಕುವುದಕ್ಕಷ್ಟೇ ಉಳಿದಿದ್ದಾರೆ.

ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ದೈತ್ಯರ ವಿಚಾರ ಬರುತ್ತದೆ. ಒಬ್ಬ ಮನುಷ್ಯನನ್ನು ಎಲ್ಲ ಕಡೆಯಿಂದಲೂ ಎರಡು ಪಟ್ಟು ಹಿಗ್ಗಿಸಿದರೆ ಅವನ ತೂಕ ಎಂಟು ಪಟ್ಟಾಗುತ್ತದೆ, ಮೂಳೆಯ ಬಲ ಮಾತ್ರ ನಾಲ್ಕೇ ಪಟ್ಟು. ಹಾಗಾಗಿ ದೈತ್ಯನಿಗೆ ಮನುಷ್ಯನ ಮೂಳೆ ಸಾಲದು, ಇನ್ನೂ ದಪ್ಪನೆಯದು ಬೇಕು. ಇದನ್ನು ಪಾಠ ಮಾಡುವಾಗಲೆಲ್ಲ ನನಗೆ ಈ ಎರಡನೇ ಭಾಗ ನೆನಪಾಗುತ್ತದೆ. ಮೈ ಬೆಳೆದಿದೆ, ಮೂಳೆ ಬೆಳೆದಿಲ್ಲ.

ಬೆಳೆದದ್ದೆಲ್ಲ ಕೆಡಬೇಕೆಂದೇನಿಲ್ಲ. 2004ರ 'ಸ್ಪೈಡರ್ ಮ್ಯಾನ್ 2' ಅನ್ನು 2002ರ ಮೊದಲ ಚಿತ್ರಕ್ಕಿಂತ ಮೇಲೆಂದು ಹೇಳುವವರಲ್ಲಿ ನಾನೂ ಒಬ್ಬ. ಅದರಲ್ಲಿ ಹೀರೋಗೆ ಹೊಸ ಶಕ್ತಿ ಕೊಡಲಿಲ್ಲ, ಇದ್ದದ್ದನ್ನೂ ಕಿತ್ತುಕೊಂಡರು. ಪಾಪದ ಹುಡುಗ ಪಿಜ್ಜಾ ಹೊತ್ತು ಮನೆಮನೆ ತಿರುಗುತ್ತಾನೆ, ತಡವಾಗಿ ಬೈಸಿಕೊಳ್ಳುತ್ತಾನೆ. ಹೊಟ್ಟೆಪಾಡು ಇರುವವನ ಸಾಹಸಕ್ಕೆ ಬೇರೆಯೇ ಬೆಲೆ.

ಈ ವಿಷಯ ನಮ್ಮ ಭಾಗದವರಿಗೆ ಬರೀ ಸಿನಿಮಾ ಅಲ್ಲ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿಯಲ್ಲಿ ಇಂದಿಗೂ ಪಾಳಿಯ ಮೇಲೆ ಪಾಳಿ ನಡೆದಿದೆ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿರುವ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದವರು ಕೂಡ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಹುಡುಗರಿಗೆ ಒಂದು ಮಾತು: ಸಿನಿಮಾದಲ್ಲಿ ಕೋಲಾರದ ಚಿನ್ನ ಸಿಗುವುದು 1951ರಲ್ಲಿ. ನಿಜವಾದ ಕೋಲಾರದಲ್ಲಿ ಜಾನ್ ಟೇಲರ್ ಕಂಪನಿ 1880ರಲ್ಲೇ ಕೆಲಸ ಹಿಡಿದಿತ್ತು. ಪರೀಕ್ಷೆಯಲ್ಲಿ ರಾಕಿಯ ಇತಿಹಾಸ ಬರೆಯಬೇಡಿ.

ನಮ್ಮ ಒಬ್ಬ ವಿದ್ಯಾರ್ಥಿಯ ತಂದೆ ಹಟ್ಟಿಯಲ್ಲಿ ಭೂಮಿಯೊಳಗೆ ಇಳಿದು ಕೆಲಸ ಮಾಡುವವರು. ಟೀವಿಯಲ್ಲಿ ಮೊದಲ ಭಾಗ ಬಂದಾಗ ಅರ್ಧಕ್ಕೇ ಎದ್ದು ಹೋಗಿ ಅಂಗಳದಲ್ಲಿ ಕೂತರಂತೆ. ಎರಡನೆಯದನ್ನು ಪೂರ್ತಿ ನೋಡಿದರಂತೆ. "ನೋಡ್ರಿ ಸರ್, ನಮ್ಮಪ್ಪಗೂ ಎರಡನೇದೇ ಸೇರೇತಿ" ಎಂದು ಹುಡುಗ ಗೆದ್ದವನಂತೆ ಬೀಗಿದ. ಪಾಲಕರ ಸಭೆಗೆ ಬಂದಾಗ ನಾನು ಅವರನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲ್ನೇದು ನೋಡಾಕ ಆಗ್ಲಿಲ್ರಿ ಸರ್, ಎದಿ ಹಿಡದಂಗಾತು. ಎರಡನೇದ್ರಾಗ ಗಣಿ ಎಲ್ಲೈತ್ರಿ? ಆರಾಮ ಕುಂತು ನೋಡಿದ್ನಿ" ಎಂದರು. ಇಷ್ಟು ಚುಟುಕಾದ ವಿಮರ್ಶೆಯನ್ನು ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ.

ಅವರ ಮಾತು ಕೇಳಿದ ಮೇಲೆ ನಾನೊಂದು ಲೆಕ್ಕ ಹಾಕಿದೆ. ಎರಡನೇ ಭಾಗದಲ್ಲಿ ರಾಕಿ ಒಂದೇ ಒಂದು ಚಿನ್ನದ ಗಟ್ಟಿಗಾಗಿ ಪೊಲೀಸ್ ಠಾಣೆಯನ್ನೇ ಪುಡಿ ಮಾಡುತ್ತಾನೆ. ಆ ಗಟ್ಟಿ ಅರ್ಧ ಕಿಲೋ ಎಂದು ಹಿಡಿಯೋಣ. ಅದಿರಿನಲ್ಲಿ ಚಿನ್ನ ಇರುವುದು ಟನ್ನಿಗೆ ಕೆಲವೇ ಗ್ರಾಂ. 4 ಗ್ರಾಂ ಎಂದು ಇಟ್ಟುಕೊಂಡರೂ 125 ಟನ್ ಕಲ್ಲನ್ನು ಆಳದಲ್ಲಿ ಒಡೆದು, ಮೇಲೆ ತಂದು, ಹಿಟ್ಟಿನ ಹಾಗೆ ಅರೆಯಬೇಕು. ಹತ್ತು ಟನ್ನಿನ ಲಾರಿಯಾದರೆ 13 ಸಲ ತಿರುಗಬೇಕು, ಒಂದು ಗಟ್ಟಿಗೆ! ಮೊದಲ ಭಾಗದಲ್ಲಿ ಈ ಲೆಕ್ಕ ಬಾಯಿಬಿಟ್ಟು ಹೇಳದಿದ್ದರೂ ಜೀತದಾಳುಗಳ ಬೆನ್ನಿನ ಮೇಲೆ ಕಾಣುತ್ತಿತ್ತು. ಎರಡನೆಯದರಲ್ಲಿ ಗಟ್ಟಿಗಳು ರಾಶಿ ರಾಶಿ ಇವೆ, ಕಲ್ಲು ಕಾಣುವುದಿಲ್ಲ. ಕಡೆಗೆ ರಾಕಿ ಅಷ್ಟೂ ಚಿನ್ನವನ್ನು ಹಡಗಿಗೆ ತುಂಬಿಕೊಂಡು ಸಮುದ್ರ ಸೇರುತ್ತಾನೆ. ಚಿತ್ರಮಂದಿರದಲ್ಲಿ ಕಣ್ಣೊರೆಸಿಕೊಂಡವರನ್ನು ಕಂಡಿದ್ದೇನೆ, ಅವರ ದುಃಖ ರಾಕಿಗಾಗಿ. ಹಟ್ಟಿಯಲ್ಲಿ ರಾತ್ರಿ ಪಾಳಿ ಮಾಡಿದವರು ಯಾರಾದರೂ ಆ ಕಥೆ ಬರೆದಿದ್ದರೆ, ಹೀರೋನನ್ನು ಬೇಕಾದರೆ ಮುಳುಗಿಸುತ್ತಿದ್ದರು, ಚಿನ್ನವನ್ನು ಮಾತ್ರ ದಡದಲ್ಲೇ ಇಳಿಸಿಕೊಳ್ಳುತ್ತಿದ್ದರು.