ಅಜ್ಜಿ ಮನೆ, ಭಾಗ 4: ಲೀಕ್

ಸ್ವೈಪ್ ಮಾಡಿ, ಎರಡನೇ ಸ್ಕ್ರೀನ್‌ಶಾಟ್‌ನಲ್ಲಿರೋ ಆ ಕೆಂಪು ಗೆರೆ ನೋಡಿ. ಮೂರು ವಾರ ನನ್ನ ನಿದ್ದೆ ಕೆಡಿಸಿದ್ದು ಅದೇ.

ಹೊಸದಾಗಿ ಬಂದವರಿಗೆ: ಅಜ್ಜಿಯ ತೊಟ್ಟಿ ಮನೆ ಪಾಲಾಯ್ತು, ಮಾರಿದ್ರು, ಕೆಡವಿದ್ರು. ಒಳಗಿನ ಫೋಟೋ ಒಂದೂ ಇಲ್ಲ. ಹಾಗಾಗಿ 1996ರ ಕ್ವೇಕ್ ಗೇಮ್‌ನ ಮ್ಯಾಪ್ ಎಡಿಟರ್‌ನಲ್ಲಿ ನೆನಪಿನಿಂದಲೇ ಕಟ್ತಾ ಇದ್ದೀನಿ. "ಬಿಕಾಂನವನಿಗೆ ಇದೆಲ್ಲ ಯಾಕೋ" ಅಂದ ಗೆಳೆಯರೇ, ಇವತ್ತು ಸ್ವಲ್ಪ ಥಿಯರಿ ಇದೆ, ತಡ್ಕೊಳ್ಳಿ.

ಗೋಡೆ ಅಡ್ಡ ಇದೆ ಅನ್ನೋದು ಕಂಪ್ಯೂಟರ್‌ಗೆ ತಾನಾಗೇ ಗೊತ್ತಾಗಲ್ಲ. ನೀವು ಬಚ್ಚಲಲ್ಲಿ ನಿಂತಿದ್ರೂ ಹಜಾರದ ಕಂಬ ಬಿಡಿಸೋಕೆ ಹೋಗುತ್ತೆ. 1980ರಲ್ಲಿ ಫುಕ್ಸ್, ಕೆಡೆಮ್, ನೇಯ್ಲರ್ ಅನ್ನೋ ಮೂವರು ಇದಕ್ಕೊಂದು ದಾರಿ ಬರೆದಿಟ್ರು. ಒಂದು ಗೋಡೆ ಹಿಡಿದು, ಅದರ ನೇರಕ್ಕೆ ಇಡೀ ಜಾಗ ಎರಡು ಪಾಲು ಮಾಡೋದು. ಪ್ರತಿ ಪಾಲಲ್ಲೂ ಇನ್ನೊಂದು ಗೋಡೆ ಹಿಡಿದು ಮತ್ತೆ ಎರಡು. ಹೀಗೇ ಹೋದ್ರೆ, ಒಳಗೆ ಎಲ್ಲಿ ನಿಂತರೂ ಪೂರ್ತಿ ಕಾಣುವಂಥ ತುಂಡುಗಳು ಉಳಿಯುತ್ತವೆ. ಕವಲೊಡೆದ ಮರದ ಹಾಗೆ. ಕೊನೆಯ ತುಂಡುಗಳೇ ಎಲೆಗಳು. ನೀವು ಎಲ್ಲೇ ನಿಲ್ಲಿ, ಪ್ರತಿ ಕವಲಲ್ಲೂ "ನಾನು ಈ ಕಡೆನಾ, ಆ ಕಡೆನಾ" ಅಂತ ಕೇಳ್ಕೊಂಡು ಹೋದ್ರೆ ಹತ್ತಿರದ್ದು, ದೂರದ್ದು ಸಾಲಾಗಿ ಸಿಗುತ್ತೆ. 1993ರ ಡೂಮ್ ಆ ಕಾಲದ ಕಂಪ್ಯೂಟರ್‌ಗಳಲ್ಲಿ ಓಡಿದ್ದು ಹೀಗೇ.

ಅದೇ ಜಾನ್ ಕಾರ್ಮ್ಯಾಕ್ ಕ್ವೇಕ್‌ನಲ್ಲಿ ಇನ್ನೂ ಮುಂದೆ ಹೋದ್ರು. ಯಾವ ಎಲೆಯಿಂದ ಯಾವ್ಯಾವ ಎಲೆ ಕಾಣಬಹುದು ಅನ್ನೋ ಪಟ್ಟಿನ ಮೊದಲೇ ಲೆಕ್ಕ ಹಾಕಿ ಮ್ಯಾಪ್ ಜೊತೆ ಇಟ್ರು. ಪಟ್ಟಿಯಲ್ಲಿ ನಾಲ್ಕು ಹೆಚ್ಚಿದ್ರೂ ನಡೆಯುತ್ತೆ, ಒಂದು ಕಡಿಮೆ ಆದ್ರೆ ಕಣ್ಣೆದುರಿನ ಗೋಡೆಯೇ ಮಾಯ.

ಒಂದೇ ಷರತ್ತು: ಮ್ಯಾಪ್‌ನಿಂದ ಹೊರಗಿನ ಶೂನ್ಯಕ್ಕೆ ಎಲ್ಲೂ ಸಂದಿ ಇರಬಾರದು. ಇದ್ರೆ "ಲೀಕ್" ಅಂತ ಬರುತ್ತೆ, ಪಟ್ಟಿ ಆಗಲ್ಲ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದೆ ಕೂತ ಹಾಗೆ. (ಈಗಿನ ಲ್ಯಾಪ್‌ಟಾಪ್‌ಗೆ ಒಂದು ಮನೆ ಭಾರ ಅಲ್ಲ, ಪಟ್ಟಿ ಇಲ್ದೇನೂ ಓಡುತ್ತೆ. ಆದ್ರೂ ಬಿಡೋಕೆ ಮನಸ್ಸು ಬರಲಿಲ್ಲ.) ಎಲ್ಲಿ ಸೋರ್ತಿದೆ ಅಂತ ತೋರಿಸೋದೇ ಆ ಕೆಂಪು ಗೆರೆ.

ಮೊದಲ ಲೀಕ್ ತೊಟ್ಟಿಯೇ! ಮೇಲೆ ಆಕಾಶ ತೆರೆದಿದೆಯಲ್ಲ. ಕ್ವೇಕ್‌ನಲ್ಲಿ ಆಕಾಶಾನೂ ಮುಚ್ಚಳದ ಥರ ಕೂರಿಸಬೇಕು. ಕೂರಿಸಿದೆ. ಆದ್ರೂ ಗೆರೆ ಹೋಗಲಿಲ್ಲ. ಹಜಾರದಿಂದ ಹೊರಟು, ಅಡುಗೆ ಮನೆಗೆ ತಿರುಗಿ, ಒಲೆ ಮೇಲಿಂದ ಹತ್ತಿ ಹೊರಗೆ. ಅಲ್ಲಿ ಗೋಡೆಗೂ ಮಾಡಿಗೂ ಹೇಗೆ ಸೇರಿಸಿದ್ರು ಅನ್ನೋದೇ ನನಗೆ ನೆನಪಿರಲಿಲ್ಲ.

ರಿಜಿಸ್ಟ್ರೇಷನ್ ಆದ ದಿನದಿಂದ ಅಜ್ಜಿ ಆ ಮನೆ ಮಾತೇ ಎತ್ತಿರಲಿಲ್ಲ. ನಾವೂ ಕೇಳ್ತಿರಲಿಲ್ಲ. ಹೆದರ್ಕೊಂಡೇ ಫೋನ್ ಮಾಡಿದೆ.

"ಅಲ್ಲಿ ಗವಾಕ್ಷಿ ಇತ್ತಲ್ಲೋ, ಹೊಗೆ ಹೋಗೋಕೆ. ನಿಮ್ಮ ತಾತ ಮುಚ್ಚಿಸ್ತೀನಿ ಅಂದ್ರು, ನಾನೇ ಬೇಡ ಅಂದೆ."

ಆಮೇಲೆ ನಲವತ್ತು ನಿಮಿಷ ಮಾತಾಡಿದ್ರು. ಬೆಳಿಗ್ಗೆ ಅದರಿಂದ ಬಿಸಿಲು ಎಲ್ಲಿ ಬೀಳ್ತಿತ್ತು ಅನ್ನೋದೂ ಹೇಳಿದ್ರು.

ಗವಾಕ್ಷಿ ಕೊರೆದು, ಆಚೆ ಒಂದು ಚೂರು ಆಕಾಶ ಇಟ್ಟೆ. ನಿನ್ನೆ ರಾತ್ರಿ ಪಟ್ಟಿ ಆಯ್ತು. ಬಚ್ಚಲಿನಿಂದ ಕಾಣೋದು ಬೆರಳೆಣಿಕೆಯಷ್ಟು ಎಲೆ. ತೊಟ್ಟಿಯಿಂದ? ಹೆಚ್ಚುಕಮ್ಮಿ ಇಡೀ ಮನೆ. ಅಜ್ಜಿ ಅಕ್ಕಿ ಆರಿಸೋಕೆ ಯಾವಾಗಲೂ ಅಲ್ಲೇ ಕೂರ್ತಿದ್ದಿದ್ದು.

ಇವತ್ತು ಬೆಳಿಗ್ಗೆ ಅವರೇ ಫೋನ್ ಮಾಡಿದ್ರು. "ಹಿತ್ತಲ ಬಾವಿ ಹಾಕಿದ್ಯೇನೋ?"

ಹಾಕಿಲ್ಲ. ಭಾಗ 5ರಲ್ಲಿ.