ಅಂಗಳದ ಅತಿಥಿಗಳು

ತೊಗರ್ಸಿಯ ಕಡೆಯವರಿಗೆ ಸೊರಬ ತಾಲ್ಲೂಕಿನ ಗುಡವಿಯ ಪಕ್ಷಿಧಾಮ ಬಹುದೂರವಲ್ಲ. ಅಲ್ಲಿ ಗೂಡುಗಳು ಕೆರೆಯ ನೀರಿನ ನಡುವಣ ಮರಗಳಲ್ಲಿ, ನೋಡುವವನು ದಡದಲ್ಲಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಸಂಗತಿ ಬೇರೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಣ ಹುಣಿಸೆ ಮೊದಲಾದ ಮರಗಳಲ್ಲಿಯೇ ಮರಿಮಾಡುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಭಾವಿಸಿ, ಊರವರು ಹುಣಿಸೆಯ ಫಲವನ್ನೂ ಬಿಟ್ಟುಕೊಟ್ಟಿದ್ದಾರೆ.

2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಆದರೂ ಅಂಗಳವು ಮನೆಯವರದೇ. ವಾಚಕರೇ, ನಿಮ್ಮ ದುರ್ಬೀನು ಹಕ್ಕಿಯತ್ತ ತಿರುಗಿದ್ದರೂ, ಬಚ್ಚಲ ಬಳಿಯ ತಾಯಿಗೆ ಅದು ತನ್ನತ್ತಲೇ ತಿರುಗಿದಂತೆ ತೋರೀತು. ಆದುದರಿಂದ ಮೊದಲು ಬಾಗಿಲಲ್ಲಿ ನಿಂತು ಕೇಳಿರಿ, ಒಪ್ಪದಿದ್ದರೆ ಹಿಂದಿರುಗಿರಿ. ಹಾರುವುದನ್ನು ನೋಡಲೆಂದು ಹಕ್ಕಿಯನ್ನು ಎಬ್ಬಿಸಬೇಡಿರಿ. ತಾಯಿ ಎದ್ದರೆ ಮರಿಗೆ ಬಿಸಿಲು ತಾಗುತ್ತದೆ. ನಮ್ಮ ಉಪಟಳದಿಂದ ಮನೆಯವರು ಬೇಸತ್ತರೆ ಮರ ಉಳಿಯುವುದೆಂತು? ಮರವಿಲ್ಲದಿದ್ದರೆ ಹಕ್ಕಿ ಬರುವುದಾದರೂ ಎಲ್ಲಿಗೆ?